ಕಾಟಾ ಮೇಲೆ ಎರಡು ಸಲ

ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಗಾಡಿ ತೂಗುವ ಕಾಟಾ ಮೋಟು. ಭತ್ತ ಹೇರಿದ ಟ್ರ್ಯಾಕ್ಟರ್ ಅದರ ಮೇಲೆ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಮೊದಲು ಇಂಜಿನ್ ಹತ್ತಿಸಿ ತೂಗಬೇಕು, ಆಮೇಲೆ ಮುಂದಕ್ಕೆ ಸರಿಸಿ ಟ್ರೈಲರ್ ತೂಗಬೇಕು. ಎರಡನ್ನೂ ಕೂಡಿಸಿದರೆ ಒಂದು ತೂಕ.

ಚಿತ್ತವಾಡ್ಗಿಯ ತುಳಸಿ ಬಿ.ಸಿ.ಎ. ಮುಗಿಸಿ ಆ ಕಾಟಾ ಕೋಣೆಗೆ ಕೆಲಸಕ್ಕೆ ಬಂದಾಗ ಅಲ್ಲಿನ ಕಂಪ್ಯೂಟರಿನಲ್ಲಿ ‘ತ್ರಾಸು’ ಎಂಬ ತಂತ್ರಾಂಶವಿತ್ತು. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಊರೂರಿನವರು ಸೇರಿ ಬರೆದು, ಬೇಕಾದವರು ಬಳಸಲಿ, ತಿದ್ದಲಿ ಎಂದು ಬಿಟ್ಟದ್ದು. ಬರೆದವರು ಹೊಸ ಆವೃತ್ತಿ ಕಟ್ಟುತ್ತ ಮುಂದೆ ನಡೆದಿದ್ದರು. ಗಿರಣಿಗಳು ಮಾತ್ರ ಹಳೆಯದನ್ನೇ ಹಿಡಿದುಕೊಂಡಿದ್ದವು. ಎರಡು ಸಲ ತೂಗಿ ಕೂಡಿಸುವುದು ಅದಕ್ಕೊಂದಕ್ಕೇ ಗೊತ್ತಿತ್ತು.

ಹೀಗೆ ಕವಲೊಡೆದು ಹಿಂದುಳಿದ ಆ ಹಳೆಯ ಕವಲನ್ನು ತುಳಸಿ ಬದುಕಿಸಿಕೊಂಡು ಬಂದಳು. ಹೊಸದರಲ್ಲಿ ಒಂದು ದೋಷ ಸರಿಹೋಯಿತೆಂದರೆ ಅದನ್ನು ತಂದು ಹಳೆಯದಕ್ಕೂ ಹೊಲಿಯುವಳು. ಗಾಡಿಗಳ ನಡುವಿನ ಬಿಡುವಿನಲ್ಲಿ, ತೌಡಿನ ಧೂಳು ಕೀಲಿಮಣೆಯ ಮೇಲೆ ಕೂರುತ್ತಿರುವಾಗ, ವರ್ಷಗಟ್ಟಲೆ.

ಈ ವರ್ಷ ‘ತ್ರಾಸು’ ಬರೆಯುವವರ ತಂಡ ತೀರ್ಮಾನಿಸಿತು: ಸುಗ್ಗಿ ಮುಗಿಯುವುದರೊಳಗೆ ಹಳೆಯ ಕವಲು ಹೊಸದರಲ್ಲಿ ಸೇರಬೇಕು, ಇಲ್ಲವೇ ಮುಚ್ಚಬೇಕು. ಮುಚ್ಚಿದರೆ ಅವಳು ಹೊಲಿದದ್ದೆಲ್ಲ ವ್ಯರ್ಥ. ಗಿರಣಿಗಳಿಗೆ ಮುಂದೆ ಯಾವ ದುರಸ್ತಿಯೂ ಇಲ್ಲ. ಹೊಸ ಆವೃತ್ತಿಯ ಉಸ್ತುವಾರಿ ಮೌನೇಶನದು. ಸಂಡೂರಿನಲ್ಲಿ ಅದಿರು ಲಾರಿಗಳ ಕಾಟಾ ನೋಡಿಕೊಳ್ಳುವವನು ಅವನು. ಎರಡೂ ಕವಲುಗಳನ್ನು ಒಮ್ಮೆಲೇ ಕೂಡಿಸಲು ಹೋಗಿ, ಒಂದರ ಸಾಲು ಇನ್ನೊಂದಕ್ಕೆ ಹೊಂದದೆ ಪರದೆಯ ತುಂಬ ತಕರಾರು ಕಂಡು ಕೈಬಿಟ್ಟಿದ್ದ.

“ಬಿಟ್ಬಿಡ್ರಿ ತುಳಸಿಯವ್ರೇ,” ಎಂದ ಫೋನಿನಲ್ಲಿ. “ಉದ್ದನ್ ಕಾಟಾ ಹಾಕ್ಸ್ರಿ ಅಂತ ನಿಮ್ ಮಾಲೀಕ್ರಿಗೆ ಹೇಳ್ರಿ.”

“ಅವ್ರು ಈ ಕೋಣಿಗೆ ಫ್ಯಾನೇ ಹಾಕ್ಸಿಲ್ರಿ,” ಎಂದಳು ತುಳಸಿ.

ಅವಳು ಒಮ್ಮೆಲೇ ಕೂಡಿಸಲು ಹೋಗಲಿಲ್ಲ. ಎರಡೂ ಅಗಲಿದ ಜಾಗಕ್ಕೆ ಹಿಂದಿರುಗಿ, ಹೊಸದರ ಮೊದಲ ವರ್ಷದ ಕೆಲಸವನ್ನಷ್ಟೇ ಹಳೆಯದರೊಂದಿಗೆ ಬೆಸೆದಳು. ತಕರಾರು ಬಿಡಿಸಿ, ಪರೀಕ್ಷಿಸಿ, ಮುಂದಿನ ವರ್ಷಕ್ಕೆ ಕಾಲಿಟ್ಟಳು. ಕೊನೆಯ ವರ್ಷದ್ದು ಒಂದೂ ತಕರಾರಿಲ್ಲದೆ ಸೇರಿಕೊಂಡಿತು. ಅಷ್ಟು ಸಲೀಸಾಗಿ ಸೇರಿದ್ದೇ ಅವಳಿಗೆ ಅನುಮಾನ.

ಮೆಟ್ರಿಯ ರೈತ ಉಜ್ಜಿನಪ್ಪ ಭತ್ತ ತಂದಾಗ ಹಳೆಯದರ ಜೊತೆಗೆ ಬೆಸೆದದ್ದನ್ನೂ ಓಡಿಸಿ ನೋಡಿದಳು. ಇಂಜಿನ್ ತೂಗಿದ್ದಾಯಿತು, ಟ್ರೈಲರ್ ತೂಗಿದ್ದಾಯಿತು. ಹಳೆಯದು ಪೂರ್ತಿ ತೂಕ ತೋರಿಸಿತು. ಬೆಸೆದದ್ದರಲ್ಲಿ ಇಂಜಿನ್ನಿನ ತೂಕ ಮಾತ್ರ ಇತ್ತು.

ಉಜ್ಜಿನಪ್ಪ ಕಿಟಕಿಯಲ್ಲಿ ಇಣುಕಿದ. “ಏನವ್ವಾ, ನನ್ ಭತ್ತ ಎಲ್ಲಿ ಹೋತು? ಮೆಟ್ರಿಂದ ಬರೇ ಗಾಳಿ ಹೇರ್ಕೊಂಡ್ ಬಂದೆನೇನು?”

“ಇಲ್ಲೇ ಐತಿ ಮಾವ. ಹುಡುಕ್ತೀನಿ.”

ಸಿಕ್ಕಿದ್ದು ಮೌನೇಶನೇ ಬರೆದ ನಿಯಮ: ಒಂದೇ ಗಾಡಿಯ ತೂಕ ಬೆನ್ನಿಗೇ ಇನ್ನೊಮ್ಮೆ ಬಂದರೆ ಎರಡನೆಯದನ್ನು ಅಳಿಸು. ಏಕೆಂದು ಅವನಿಗೆ ಫೋನು ಮಾಡಿ ಕೇಳಿದಳು. ಸಂಡೂರಿನಲ್ಲಿ ಲಾರಿಗಳ ಸಾಲು ಉದ್ದ, ಅವಸರದಲ್ಲಿ ಕಾಟಾದವರು ಗುಂಡಿಯನ್ನು ಎರಡೆರಡು ಸಲ ಒತ್ತಿಬಿಡುತ್ತಾರೆ ಎಂದ. ಅಲ್ಲಿಗೆ ಅದು ಸರಿಯೇ. ಅವನ ನಿಯಮ ಒಂದು ಕಡತದಲ್ಲಿ, ಇವಳ ಕೂಡಿಕೆ ಇನ್ನೊಂದರಲ್ಲಿ ಇದ್ದುದರಿಂದ ಬೆಸೆಯುವಾಗ ಎರಡೂ ಮುಖಾಮುಖಿಯಾಗಿರಲಿಲ್ಲ.

ತುಳಸಿ ಕಿಟಕಿಯಾಚೆ ನೋಡಿದಳು. ಇನ್ನೊಂದು ಟ್ರ್ಯಾಕ್ಟರ್ ನಿಧಾನವಾಗಿ ಮುಂದೆ ಸರಿಯುತ್ತಿತ್ತು. ಪರದೆಯ ಅಂಕಿ ಏರಿ ಇಳಿದು ಕುಣಿಯುತ್ತಿತ್ತು.

“ಗುಂಡಿ ಎರಡ್ ಸಲ ಒತ್ತಿದ್ರ ನಿಮ್ ಲಾರಿ ನಿಂತಲ್ಲೇ ಇರ್ತೈತಿ. ನಮ್ ಟ್ರ್ಯಾಕ್ಟರ್ ಸರೀತೈತಿ. ನಡುವ ಅಂಕಿ ಅಲುಗಾಡೇತೋ ಇಲ್ಲೋ ನೋಡಿದ್ರ ಸಾಕಲ್ರಿ?”

ಮೌನೇಶ್ ಆ ಕಡೆ ತನ್ನ ನಿಯಮದ ಕಡತ ತೆರೆದು ನೋಡಿದ.

“ಬರೀರಿ,” ಎಂದ ಮೌನೇಶ್. “ನಾ ಇಲ್ಲಿ ಲಾರಿ ಮ್ಯಾಲೆ ನೋಡ್ತೀನಿ.”

ಸಂಡೂರಿನಲ್ಲಿ ಬೇಕೆಂದೇ ಗುಂಡಿಯನ್ನು ಎರಡು ಸಲ ಒತ್ತಿದರೂ ಒಂದೇ ತೂಕ ಉಳಿಯಿತು. ಕಂಪ್ಲಿಯಲ್ಲಿ ಉಜ್ಜಿನಪ್ಪನ ಮುಂದಿನ ಹೇರು ಬಂದಾಗ ಹಳೆಯದರಲ್ಲೂ ಬೆಸೆದದ್ದರಲ್ಲೂ ಒಂದೇ ಅಂಕಿ. ಮೌನೇಶ್ ಅಂದೇ ಒಪ್ಪಿಗೆಯೊತ್ತಿದ. ಬೆಸುಗೆ ಎಲ್ಲರ ಪಾಲಾಯಿತು. ಹಳೆಯ ಕವಲನ್ನು ಮುಚ್ಚುವ ಕೆಲಸವನ್ನು ತಂಡ ತುಳಸಿಗೇ ಬಿಟ್ಟಿತು. ಅದರಲ್ಲಿದ್ದುದೆಲ್ಲ ಈಗ ಹೊಸದರಲ್ಲಿತ್ತು. ಅವಳು ಅದನ್ನು ಮುಚ್ಚಿದಳು.

“ಸಿಕ್ತೇನವ್ವಾ ನನ್ ಭತ್ತ?” ಇನ್ನೊಂದು ಹೇರು ತಂದ ಉಜ್ಜಿನಪ್ಪ ಕಾಟಾ ಮೇಲಿನಿಂದ ಕೂಗಿದ.

“ಒಂದ್ ಕಾಳೂ ಹೋಗಿಲ್ಲ ಮಾವ. ಗಾಡಿ ತಗೀರಿ, ಹಿಂದಿನವ್ರು ಕಾಯಾಕತ್ಯಾರ.”