ಮಲ್ಕಪ್ಪ ಮುತ್ಯಾನ ಪುಂಡಿ ಸಾಲು

ಮಲ್ಕಪ್ಪ ಮುತ್ಯಾನ ಬಲತೊಡೆಯ ಮೇಲೆ ಒಂದು ಕೂದಲೂ ಇರಲಿಲ್ಲ. ಶಹಾಬಾದಿನ ಪಾಲಿಶ್ ಕಲ್ಲಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಐವತ್ತು ವರ್ಷ ಅದೇ ತೊಡೆಯ ಮೇಲೆ ಪುಂಡಿ ನಾರು ಹೊಸೆದು ಹಾಗಾಗಿತ್ತು. ಧೋತರವನ್ನು ಮೇಲಕ್ಕೆ ಸಿಕ್ಕಿಸಿ, ಕಟ್ಟೆಯ ಮೇಲೆ ಕುಳಿತು, ಅಂಗೈಗೆ ನೀರು ಹಚ್ಚಿ ಎರಡು ಎಳೆಗಳನ್ನು ಸರ್ರನೆ ಉಜ್ಜಿದನೆಂದರೆ ಹುರಿ ಸಿದ್ಧ. ನಾವು ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದೆವು.

"ನಗ್ರೆವ್ವಾ, ನಗ್ರಿ. ನಿಮ್ಮಪ್ಪಗೋಳ ಎತ್ತಿನ ಮೂಗುದಾಣ ಎಲ್ಲಾ ಈ ತೊಡಿ ಮ್ಯಾಲೇ ಹುಟ್ಯಾವ" ಎನ್ನುತ್ತಿದ್ದ.

ಕುಂಚಾವರಂ ಕಾಡಿನ ಅಂಚಿನ ನಮ್ಮ ಊರಿನಲ್ಲಿ ನಮ್ಮದೂ ಅವನದೂ ಒಂದೇ ಗೋಡೆಯ ಮನೆಗಳು. ಸಂಬಂಧಿಯಲ್ಲ, ಆದರೂ ನನಗೆ ಮುತ್ಯಾ ಅಂದರೆ, ಅಜ್ಜ ಅಂದರೆ, ಅವನೊಬ್ಬನೇ. ಅವನ ತೊಗರಿ ಹೊಲದ ಸುತ್ತ ನಾಲ್ಕೂ ಬದುವಿಗೆ ಪುಂಡಿ ಸಾಲು. ಗಡಿಯಾಚೆಯ ತೆಲುಗಿನವರು ಗೋಂಗೂರ ಎನ್ನುವ ಸೊಪ್ಪು ಇದೇ. ಎಳೆಯದಿದ್ದಾಗ ಪಲ್ಯ, ಬಲಿತ ಮೇಲೆ ನಾರು. ಬದುವಿನ ಪುಂಡಿಯನ್ನು ಕೇಳಿ ಕೀಳುವ ಪದ್ಧತಿ ನಮ್ಮಲ್ಲಿಲ್ಲ. ಹಾದಿಯಲ್ಲಿ ಹೋಗುವವರು ಉಡಿ ತುಂಬ ಕುಡಿ ಚಿವುಟಿಕೊಂಡು ಹೋಗುತ್ತಾರೆ. ಯಾರಾದರೂ ಕೇಳಿದರೆ ಮುತ್ಯಾನಿಗೆ ಸಿಟ್ಟೇ ಬರುತ್ತಿತ್ತು. "ನನ್ನ ಕೇಳ್ತಿ ಯಾಕ? ಚಿವುಟಿದ್ರ ಕೆಳಗಿಂದ ನಾಕು ಟೊಂಗಿ ಒಡೀತಾವ. ನಂಗೇ ನೀ ಉಪಕಾರ ಮಾಡ್ಲಿಕತ್ತಿ."

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಸೇಡಂನ ಹಾಸ್ಟೆಲಿಗೆ ಹೊರಟ ದಿನ ಚಿಲಕ ಮುರಿದ ನನ್ನ ಟ್ರಂಕನ್ನು ಬಿಗಿದದ್ದು ಮುತ್ಯಾನ ಹಗ್ಗ. ಸಸ್ಯಶಾಸ್ತ್ರದ ಪಾಠದಲ್ಲಿ ಪುಂಡಿಯ ಹೆಸರು ಬಂದಾಗ ನನಗೆ ಹಬ್ಬ. ರಜೆಗೆ ಬಂದವಳೇ ಹೇಳಿದೆ: "ಮುತ್ಯಾ, ದೊಡ್ಡ ಪುಸ್ತಕದಾಗ ನಿನ್ನ ಪುಂಡಿಗಿ ಗಾಂಜಾದಂಥದ್ದು ಅಂತ ಹೆಸರಿಟ್ಟಾರ. ಮ್ಯಾಲಿನ ಎಲಿಗಿ ಐದು ಬೆರಳು ಇರ್ತಾವಲ್ಲ, ಅದಕ್ಕ."

ಅವನು ಹೊಸೆಯುವುದನ್ನು ನಿಲ್ಲಿಸಿದ. "ಯಾವ ಕುರುಡ ಇಟ್ಟಾನವ್ವಾ?"

"ವಿದೇಶದಂವ."

"ಮೂಸಿ ನೋಡಿಲ್ಲ ಅಂವ."

ಗಾಂಜಾದ ಹೆಸರೆತ್ತಿದರೆ ಅವನು ಉರಿದುಬೀಳುತ್ತಿದ್ದುದಕ್ಕೆ ಕಾರಣವಿತ್ತು. ಅವನ ಒಬ್ಬನೇ ತಮ್ಮ ಆ ಹೊಗೆಯಲ್ಲೇ ಬುದ್ಧಿ ಕಳೆದುಕೊಂಡು, ಕಾಡು ಹೊಕ್ಕವನು ತಿರುಗಿ ಬರಲಿಲ್ಲ. ನಮ್ಮ ಕಡೆ ಕಾಡಂಚಿನಲ್ಲಿ ತೊಗರಿಯ ನಡುವೆ ಕದ್ದು ಗಾಂಜಾ ಹಾಕುವವರು ಇದ್ದಾರೆ. ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಒಮ್ಮೆ ಯಾರೋ ಮುತ್ಯಾನ ಹೊಲದ ನಡುವೆಯೇ ಮೂರು ಗಿಡ ಹಚ್ಚಿದ್ದರು. ಬೇರುಸಮೇತ ಕಿತ್ತು, ಸಿವುಡು ಕಟ್ಟಿ, ತಲೆಯ ಮೇಲೆ ಹೊತ್ತು ಠಾಣೆಗೆ ಹೋಗಲು ಬಸ್ಸು ಹತ್ತಿದ.

"ಇಳೀ ಮುತ್ಯಾ, ನಿನ್ನ ಸಂಗಟ ಇಡೀ ಬಸ್ಸು ಜೈಲಿಗಿ ಹೋಗ್ತದ!" ಎಂದ ಕಂಡಕ್ಟರ್.

"ಹೋದ್ರ ಹೋಗ್ಲಿ, ಅಲ್ಲಿ ಎಲ್ಲಾರಿಗೂ ಸೀಟು ಸಿಗ್ತದ" ಎಂದವನು ಇಳಿದು, ಉಳಿದ ದಾರಿಯನ್ನು ನಡೆದೇ ಹೋದ.

ಹೀಗಾಗಿ ಎರಡು ವರ್ಷದ ಹಿಂದೆ ಗಾಂಜಾ ನಾಶದ ಸರ್ಕಾರಿ ಯೋಜನೆಯವರು ಬಂದು ಶಾಲೆಯಲ್ಲಿ ಸಭೆ ಮಾಡಿದಾಗ ಮೊದಲು ಚಪ್ಪಾಳೆ ತಟ್ಟಿದವನು ಅವನೇ. ವಿದೇಶದ ಒಂದು ಸಂಸ್ಥೆಯ ನೆರವು, ಅವರದೇ ಡ್ರೋನು, ಅವರದೇ ಔಷಧ. ಆಕಾಶದಿಂದ ಚಿತ್ರ ತೆಗೆದು, ಗಾಂಜಾ ಎಲ್ಲಿದೆಯೆಂದು ಯಂತ್ರವೇ ಗುರುತಿಸಿ, ಅಲ್ಲಷ್ಟೇ ಸಿಂಪಡಿಸಿ ಸುಟ್ಟುಬಿಡುತ್ತದಂತೆ. "ಹೊಲಕ್ಕ ಬಂದು ನೋಡಂಗಿಲ್ಲೇನ್ರಿ?" ಎಂದು ಮುತ್ಯಾ ಕೇಳಿದ. "ಬೇಕಾಗಿಲ್ಲ ಅಜ್ಜ, ಮನುಷ್ಯ ತಪ್ಪು ಮಾಡ್ತಾನೆ, ಅದು ಮಾಡಲ್ಲ" ಎಂದರು ಸಾಹೇಬರು. ಆ ಮಾತು ಕೇಳಿ ನಾನೂ ತಲೆಯಾಡಿಸಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಶ್ರಾವಣ ಮುಗಿದ ಒಂದು ಬೆಳಿಗ್ಗೆ ಡ್ರೋನು ಮುತ್ಯಾನ ಹೊಲದ ಮೇಲೆಯೇ ಬಂತು. ಚಿತ್ರ ತೆಗೆಯುತ್ತಿದೆಯೆಂದುಕೊಂಡು ಅವನು ರುಮಾಲು ಬಿಚ್ಚಿ ಅದರತ್ತ ಬೀಸಿದ. ಅದು ನಾಲ್ಕೂ ಬದುವಿನ ಮೇಲೆ ನೀಟಾಗಿ, ಒಂದು ಸಾಲೂ ತಪ್ಪದಂತೆ, ಔಷಧ ಸುರಿಯಿತು. ಗಾಳಿಗೆ ಹನಿ ತೊಗರಿಯ ಮೇಲೂ ಹಾರಿತು, ಅವನ ಮುಖದ ಮೇಲೂ.

ಮುಖ ತೊಳೆದುಕೊಳ್ಳಲೂ ಅವನು ನಿಲ್ಲಲಿಲ್ಲ. ಆ ಹೊತ್ತಿಗಾಗಲೇ ಹಾದಿಹೋಕರು ಕುಡಿ ಚಿವುಟಿಕೊಂಡು ಹೋಗಿದ್ದರು; ಔಷಧ ಬೀಳುವ ಮೊದಲು ಚಿವುಟಿದವರ್ಯಾರು, ಬಿದ್ದ ಮೇಲೆ ಚಿವುಟಿದವರ್ಯಾರು, ಅವನಿಗೆ ಗೊತ್ತಿರಲಿಲ್ಲ. ಮನೆಮನೆಗೆ ಓಡಿದ. ಎಂದೂ ಯಾರ ಅಡುಗೆಮನೆಯ ಹೊಸ್ತಿಲು ದಾಟದ ಮನುಷ್ಯ ನೇರ ಒಲೆಯ ಮುಂದೆ ಹೋಗಿ ನಿಂತು, "ಪುಂಡಿ ಪಲ್ಯ ಮಾಡೀಯೇನು? ಚೆಲ್ಲವ್ವಾ, ಮದ್ಲು ಚೆಲ್ಲು!" ಎಂದು ಕುದಿಯುವ ಗಡಿಗೆಗಳನ್ನು ತಾನೇ ತಿಪ್ಪೆಗೆ ಸುರಿದ. ನಮ್ಮ ಮನೆಯದನ್ನೂ ಸುರಿದ. ನಮ್ಮವ್ವ ಬೈದಳು: "ಮುತ್ಯಾಗ ಹುಚ್ಚು ಹಿಡೀತೇನು?" ಅವನ ಕೈ ಸುಟ್ಟು ಬೊಬ್ಬೆ ಎದ್ದಿತ್ತು. ಊರಲ್ಲಿ ಯಾರಿಗೂ ಏನೂ ಆಗಲಿಲ್ಲ. ಅವನಿಂದಾಗಿ ಆಗಲಿಲ್ಲ ಎಂದೇ ನಾನು ನಂಬಿದ್ದೇನೆ.

ಹತ್ತು ದಿನದಲ್ಲಿ ಪುಂಡಿ ಹಳದಿಯಾಗಿ ಒರಗಿತು. ಅದರ ಬೆನ್ನಿಗೆ ತೊಗರಿ. ಅದರ ಬೆನ್ನಿಗೆ ನೋಟಿಸು: ಮಲ್ಕಪ್ಪನ ಹೊಲದಲ್ಲಿ ಗಾಂಜಾ ಪತ್ತೆಯಾಗಿದೆ, ಹಾಜರಾಗಿ ಉತ್ತರ ಕೊಡತಕ್ಕದ್ದು. ನಾನೇ ಓದಿ ಹೇಳಿದೆ. ತೊಗರಿ ಹೋದದ್ದಕ್ಕೆ ಒಂದು ಮಾತೂ ಆಡದವನು ಇದಕ್ಕೆ ಗೋಡೆ ಹಿಡಿದು ಕುಳಿತುಬಿಟ್ಟ. "ನನ್ನ ತಮ್ಮನ್ನ ತಿಂದ ಗಿಡ ನಾ ಬೆಳದೀನಿ ಅಂತಾರ? ಅಲ್ಲ ಅಂತ ಅವ್ರ ಕೈಲೇ ಬರಸ್ತೀನಿ. ಅದು ಪುಂಡಿ ಅಂತ ಬರಸ್ತೀನಿ. ಅಷ್ಟಾದ್ರ ಸಾಕು ನಂಗ."

ಚಿಂಚೋಳಿಯ ಯೋಜನಾ ಕಚೇರಿಗೆ ಅವನನ್ನು ಕರೆದುಕೊಂಡು ಹೋದೆ. ಸಾಹೇಬರ ಪಕ್ಕದಲ್ಲಿ ಆ ಸಂಸ್ಥೆಯ ವಿದೇಶಿ ತಜ್ಞನೂ ಇದ್ದ. ಮುತ್ಯಾ ಬೇರೆಯವರ ಹೊಲದಿಂದ ತಂದ ಹಸಿ ಪುಂಡಿಯನ್ನು ಮೇಜಿನ ಮೇಲಿಟ್ಟ. "ಸಾಹೇಬ್ರ, ಜರಾ ಬಾಯಾಗ ಹಾಕ್ಕೊಂಡು ನೋಡ್ರಿ. ಹುಳಿ ಇಲ್ಲಂದ್ರ ನನ್ನ ಜೈಲಿಗಿ ಹಾಕ್ರಿ." ತಜ್ಞ ಎರಡು ಹೆಜ್ಜೆ ಹಿಂದೆ ಸರಿದ. ಮುತ್ಯಾ ತಾನೇ ಒಂದು ಹಿಡಿ ಎಲೆ ತಿಂದು ತೋರಿಸಿದ.

ನಾನು ಇಂಗ್ಲಿಷಿನಲ್ಲೇ ತಜ್ಞನನ್ನು ಕೇಳಿದೆ: ಇದರ ಹೆಸರಿನಲ್ಲೇ ಗಾಂಜಾದಂತೆ ಕಾಣುತ್ತದೆಂದು ಬರೆದಿದೆ, ಅದನ್ನು ಬರೆದವರು ನಿಮ್ಮವರೇ, ನಿಮ್ಮ ಯಂತ್ರಕ್ಕೆ ಯಾರೂ ಹೇಳಿಕೊಡಲಿಲ್ಲವೇ? ಅವನು ಸಾಹೇಬರ ಮುಖ ನೋಡಿದ. ಸಾಹೇಬರು, "ಲ್ಯಾಬಿಗೆ ಕಳಿಸ್ತೀವಿ ಬಿಡಮ್ಮ" ಎಂದರು.

ಬಾಗಿಲಲ್ಲಿ ನಿಂತಿದ್ದ ಜವಾನ ತಡೆಯಲಾರದೆ ಅಂದ: "ಲ್ಯಾಬ್ ಯಾಕ್ರಿ ಸರ್? ನನ್ನ ಡಬ್ಬ್ಯಾಗ ಇದೇ ಪಲ್ಯ ಅದ." ಅವನನ್ನು ಗದರಿಸಿ ಹೊರಗೆ ಕಳಿಸಿದರು. ನಮ್ಮನ್ನೂ.

ಆಮೇಲೆ ಅವರ ವರದಿಯ ಪ್ರತಿಯನ್ನು ಪಟ್ಟುಹಿಡಿದು ತರಿಸಿಕೊಂಡೆ. ನುಣುಪಾದ ಕಾಗದ. ಅದರಲ್ಲಿ ಮುತ್ಯಾನ ಒಣಗಿದ ಹೊಲದ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ, ಯಶಸ್ವಿ ಕಾರ್ಯಾಚರಣೆ ಎಂದು. ಅದನ್ನು ಓದಲಿಕ್ಕೇ ನಾನು ಅಷ್ಟು ಕಷ್ಟಪಟ್ಟು ಇಂಗ್ಲಿಷ್ ಕಲಿತೆನೇ ಎನ್ನಿಸಿ ಮೈ ಉರಿಯಿತು.

ಮುಂದಿನ ಬೇಸಿಗೆಯಲ್ಲಿ ಕಚೇರಿಯಿಂದ ಒಬ್ಬ ಕಾಗದ ತಂದ. ಮುತ್ಯಾ ಹೊರಸಿನ ಮೇಲೆ ಮಲಗಿದ್ದ, ಬಹಳ ಸೊರಗಿದ್ದ. ನಾನು ಓದಿದೆ: ಸದರಿ ಬೆಳೆ ಗಾಂಜಾ ಎಂದು ದೃಢಪಟ್ಟಿರುವುದಿಲ್ಲ, ಆದ ಕಾರಣ ಪ್ರಕರಣ ಮುಕ್ತಾಯಗೊಳಿಸಲಾಗಿದೆ.

"ಪುಂಡಿ ಅಂತ ಬರದಾರೇನು?"

"ಇಲ್ಲ ಮುತ್ಯಾ."

"ಕೇಸ್ ಮುಗೀತಲ್ಲ, ಹೆಬ್ಬೆಟ್ಟು ಒತ್ತಿಬಿಡು ಮುತ್ಯಾ" ಎಂದ ಕಾಗದ ತಂದವನು.

"ದೃಢ ಆಗಿಲ್ಲಂದ್ರ ಇನ್ನಾ ಸಂಶೇ ಅದ ಅಂದಂಗ. ತೊಗೊಂಡು ಹೋಗಪ್ಪಾ. ಏನ್ ಬೆಳಿ ಅಂತ ಬರಸ್ಕೊಂಡು ಬಾ, ಎರಡೂ ಹೆಬ್ಬೆಟ್ಟು ಒತ್ತತೀನಿ." ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಗೋಡೆಯತ್ತ ಹೊರಳಿದ. ನಾನು ಅವನ ಮಾತು ಕೇಳಿದ್ದು ಅದೇ ಕೊನೆ. ಆ ವಾರವೇ ಹೋದ.

ಮೊನ್ನೆ ಕಚೇರಿಯಿಂದ ನನಗೆ ಫೋನು ಬಂತು. ಮಲ್ಕಪ್ಪನ ಕಡತ ಮುಚ್ಚಬೇಕಂತೆ, ಅವನ ಪರವಾಗಿ ಓಡಾಡಿದವಳು ನಾನೇ ಆದ್ದರಿಂದ ಸ್ವೀಕೃತಿಗೆ ನನ್ನ ಸಹಿಯಾದರೂ ನಡೆಯುತ್ತದಂತೆ.

"ಅದು ಪುಂಡಿ ಅಂತ ಬರೀರಿ, ಇವತ್ತೇ ಬಂದು ಸಹಿ ಮಾಡ್ತೀನಿ" ಎಂದೆ.

ಆ ಕಡೆ ಗುಮಾಸ್ತ ಹಾಳೆ ತಿರುವುವ ಸದ್ದು ಕೇಳಿತು. "ಅದಕ್ಕ ಇದ್ರಾಗ ಕಾಲಂ ಇಲ್ರಿ ಮೇಡಂ" ಎಂದ.

"ಹಂಗಾದ್ರ ಕಡತ ತೆರೆದೇ ಇಡ್ರಿ" ಎಂದು ಫೋನಿಟ್ಟೆ.