ಬಿಚ್ಚಿದ ದಿನವೇ ಹೊಲಿಯಬಾರದು

ನನ್ನ ಗಂಡ ತಿಂದು ಸತ್ತಿಲ್ಲ. ಬೀದಿಯಲ್ಲಿ ಹಾಗೆ ಮಾತಾಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಐದನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ವಿಷಯ ತಿದ್ದಬೇಡಿ.

ಅವರು ಟೈಲರು. ಪ್ಯಾಂಟು, ಶರ್ಟು, ಕೋಟು. ಎಲ್ಲರೂ ಮಾಸ್ಟ್ರು ಅನ್ನೋರು. ನಮ್ಮ ಅಂಗಡಿ ಹತ್ತಡಿ ಉದ್ದ, ಎಂಟಡಿ ಅಗಲ. ಮುಂದೆ ಕಟಿಂಗ್ ಮೇಜು, ಹಿಂದೆ ಎರಡು ಮಷೀನು, ಮೂಲೆಯಲ್ಲಿ ಪರದೆ ಕಟ್ಟಿದ ಟ್ರಯಲ್ ಜಾಗ. ಕಾಜಾ, ಗುಂಡಿ, ಅಂಚು ಮಡಿಸಿ ಹೊಲಿಯೋದು ನನ್ನ ಕೆಲಸ. ಅದಕ್ಕೇ ನನ್ನನ್ನು ಗುಂಡಿ ಅಂತ ಕರೆಯೋರು. ನೂರಿಪ್ಪತ್ತೆಂಟು ಕೆಜಿ ಮನುಷ್ಯ ನಲವತ್ತೈದು ಕೆಜಿ ಹೆಂಗಸಿಗೆ ‘ಏ ಗುಂಡಿ’ ಅಂದರೆ ಗಿರಾಕಿಗಳು ನಗೋರು. ನಾನೂ ನಗುತ್ತಿದ್ದೆ.

ಅಳತೆ ಪುಸ್ತಕದಲ್ಲಿ ಅವರದೂ ಒಂದು ಪುಟ ಇದೆ. ತಲೆಬರಹ ‘ದೊಡ್ಡ ಗಿರಾಕಿ’. ಸೊಂಟ ಐವತ್ನಾಲ್ಕು ಇಂಚು ಅಂತ ಶುರು. ವರ್ಷಕ್ಕೆರಡು ಸಲ ನಾನೇ ಟೇಪು ಹಿಡಿದು ಹೇಳುತ್ತಿದ್ದೆ, ಅವರು ಬರೆದುಕೊಳ್ಳೋರು. ಟೇಪು ಒಂದು ಸುತ್ತು ಬರಬೇಕಾದರೆ ನಾನು ಅವರನ್ನು ತಬ್ಬಿಕೊಳ್ಳಬೇಕಿತ್ತು. ‘ಹಗಲು ಹೊತ್ತಲ್ಲಿ ಅಂಗಡೀಲಿ ಇದೇನೇ’ ಅನ್ನೋರು. ನಾಚಿಕೆ ಇರಲಿಲ್ಲ ಆ ಮನುಷ್ಯನಿಗೆ. ಆಮೇಲೆ ಬಂತು. ಬಂದದ್ದೇ ಕೆಟ್ಟದಾಯಿತು.

ನಾಚಿಕೆ ತಂದವರು ಅವರಕ್ಕ. ‘ತಮ್ಮಾ, ನಿನ್ನ ಒಂದು ಪ್ಯಾಂಟು ಕೊಡೋ, ಮಕ್ಕಳಿಗೆ ಡೇರೆ ಹಾಕಿಕೊಡ್ತೀನಿ’ ಅಂತ ಹತ್ತು ಜನರ ಮುಂದೆ ಅನ್ನೋರು. ಇವರು ನಕ್ಕು, ಮನೆಗೆ ಬಂದು ಊಟ ಬಿಡೋರು. ಸಂಜೆ ಹೊತ್ತಿಗೆ ಎರಡು ಊಟ ಮಾಡೋರು. ಮಂಡಿ ಹೋಗಿತ್ತು. ಮಷೀನು ತುಳಿಯೋಕೆ ಆಗದೆ ಮೋಟರು ಹಾಕಿಸಿದೆವು. ಸಕ್ಕರೆ ಕಾಯಿಲೆಗೆ ದಿನಕ್ಕೆ ಮೂರು ಮಾತ್ರೆ.

ಆರು ವರ್ಷದ ಹಿಂದೆ ಒಬ್ಬ ಗಿರಾಕಿ ಬ್ಯಾಂಡಿನ ವಿಷಯ ಹೇಳಿದ. ಹೊಟ್ಟೆಯ ಮೇಲ್ಭಾಗಕ್ಕೆ ರಬ್ಬರಿನಂಥ ಒಂದು ಉಂಗುರ ಹಾಕುತ್ತಾರೆ. ಅದರಿಂದ ಸಣ್ಣ ಕೊಳವೆ, ಕೊಳವೆ ತುದಿಗೆ ಒಂದು ಬಿಲ್ಲೆ, ಅದು ಚರ್ಮದ ಕೆಳಗೇ ಇರುತ್ತೆ. ಬಿಲ್ಲೆಗೆ ಸೂಜಿ ಚುಚ್ಚಿ ನೀರು ಹಾಕಿದರೆ ಉಂಗುರ ಬಿಗಿ, ತೆಗೆದರೆ ಸಡಿಲ. ಇವರಿಗೆ ಕೇಳಿದ ಕೂಡಲೇ ಹಿಡಿಸಿತು.

‘ಲಾಡಿ ಇದ್ದ ಹಾಗೆ ಕಣೇ. ಬೇಕಾದ್ರೆ ಬಿಗಿ, ಬೇಡಾಂದ್ರೆ ಸಡಿಲ. ಕತ್ತರಿಸೋದೇನೂ ಇಲ್ಲ.’

ಹಾಕಿಸಿಕೊಂಡರು. ಯಾರಿಗೂ ಹೇಳಲಿಲ್ಲ. ವಾಕಿಂಗ್ ಮಾಡ್ತೀನಿ ಅಂತ ಬೀದಿಗೆಲ್ಲ ಹೇಳಿದರು. ಎರಡು ವರ್ಷದಲ್ಲಿ ಪುಸ್ತಕದ ಪುಟ ಐವತ್ನಾಲ್ಕರಿಂದ ನಲವತ್ತೊಂದಕ್ಕೆ ಬಂತು. ತಮ್ಮ ಪ್ಯಾಂಟುಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಒಳಕ್ಕೆ ಹಿಡಿದರು. ಬೆಲ್ಟು ಬಿಲ್ಲೆಗೆ ತಾಗಿ ನೋಯುತ್ತೆ ಅಂತ ಪಟ್ಟಿಯ ಒಳಗೆ ಮೆತ್ತನೆ ಬಟ್ಟೆಯ ತುಂಡು ಇಟ್ಟು ಹೊಲಿದುಕೊಂಡರು. ಅಕ್ಕ ಬಂದು, ‘ವಾಕಿಂಗಿಗೆ ಇಷ್ಟು ಬಲ ಇದೆಯಾ’ ಅಂದಾಗ ಇವರ ಮುಖ ನೋಡಬೇಕಿತ್ತು. ಊರಿಗೇ ರಾಜ.

ಆಮೇಲೆ ವಾಂತಿ ಶುರುವಾಯಿತು.

ಇಲ್ಲಿ ನಾವಿಬ್ಬರೂ ಮಾಡಿದ ದಡ್ಡತನ ಹೇಳಬೇಕು. ವಾಂತಿ ಬಂದರೆ ಬ್ಯಾಂಡು ಕೆಲಸ ಮಾಡ್ತಿದೆ ಅಂದುಕೊಂಡೆವು. ಬಿಗಿ ಇದೆ, ಅದಕ್ಕೇ ಒಳಗೆ ಹೋಗ್ತಿಲ್ಲ, ಒಳ್ಳೆಯದೇ ಅಂತ. ಇವರು ಮೇಜಿನ ಕೆಳಗೆ ಒಂದು ನೀಲಿ ಬಕೆಟ್ ಇಟ್ಟುಕೊಂಡರು. ಗಿರಾಕಿ ಎದುರಿಗಿದ್ದಾಗ ಹೊಟ್ಟೆ ತೊಳಸಿದರೆ ಬಾಯಿಗೆ ನಾಲ್ಕು ಗುಂಡುಪಿನ್ನು ಕಚ್ಚಿಕೊಳ್ಳೋರು. ಬಾಯಲ್ಲಿ ಪಿನ್ನಿದ್ದರೆ ಮಾತಾಡದಿದ್ದರೂ ಯಾರೂ ತಪ್ಪು ತಿಳಿಯೋಲ್ಲ. ಕೈಯಲ್ಲೇ ‘ಒಂದು ನಿಮಿಷ’ ಅಂತ ತೋರಿಸಿ ಪರದೆ ಹಿಂದೆ ಹೋಗೋರು. ನಾನು ಮಷೀನು ಜೋರಾಗಿ ಓಡಿಸುತ್ತಿದ್ದೆ, ಸದ್ದು ಕೇಳಿಸಬಾರದು ಅಂತ. ಬಟ್ಟೆ ಇಲ್ಲದೆ ಬರೀ ಸೂಜಿ ಓಡಿಸುತ್ತಿದ್ದೆ. ಎರಡು ವರ್ಷ ಓಡಿಸಿದೆ.

ಬ್ರೆಡ್ಡು ಇಳಿಯುತ್ತಿರಲಿಲ್ಲ. ಮಾಂಸ, ತರಕಾರಿ ಇಳಿಯುತ್ತಿರಲಿಲ್ಲ. ಐಸ್ ಕ್ರೀಮು ಇಳಿಯುತ್ತಿತ್ತು. ಹಾಲಿಗೆ ಅದ್ದಿದ ಬಿಸ್ಕತ್ತು ಇಳಿಯುತ್ತಿತ್ತು. ಹಸಿದವನು ಇಳಿಯೋದನ್ನೇ ತಿನ್ನುತ್ತಾನೆ. ಸೊಂಟ ಮತ್ತೆ ನಲವತ್ತೊಂಬತ್ತಾಯಿತು. ಉಂಡದ್ದು ವಾಂತಿ, ಮೈ ಮಾತ್ರ ದಪ್ಪ. ಇಂಥ ಮೋಸ ನಾನು ಎಲ್ಲೂ ಕಂಡಿಲ್ಲ. ಮಲಗಿದರೆ ಕೆಮ್ಮು. ಮೂರು ದಿಂಬು ಇಟ್ಟು ಕೂತೇ ನಿದ್ದೆ ಮಾಡೋರು.

ಕೊನೆಗೆ ನಾನೇ ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಬಿಳೀ ನೀರು ಕುಡಿಸಿ ಎಕ್ಸರೇ ತೆಗೆದರು. ಡಾಕ್ಟರು ಕಂಪ್ಯೂಟರಿನಲ್ಲಿ ತೋರಿಸಿದರು. ಉಂಗುರ ಜಾರಿ ಓರೆಯಾಗಿ ನಿಂತಿತ್ತು.

‘ಇದನ್ನ ತೆಗೀಲೇಬೇಕು,’ ಅಂದರು. ‘ಇಷ್ಟು ದಿನ ಯಾಕೆ ಬರಲಿಲ್ಲ?’

‘ಕೆಲಸ ಇತ್ತು ಸಾರ್,’ ಅಂದರು ಇವರು.

‘ತೆಗೆದ ಮೇಲೆ ತೂಕ ಇನ್ನೂ ಏರುತ್ತೆ. ಬೇಕಾದ್ರೆ ಬೈಪಾಸ್ ಮಾಡಬಹುದು. ಹೊಟ್ಟೇನ ಚಿಕ್ಕದು ಮಾಡಿ ಕರುಳಿಗೆ ಜೋಡಿಸ್ತೀವಿ. ಎರಡು ದಾರಿ ಇದೆ. ಈಗ ಬ್ಯಾಂಡ್ ತೆಗೆದು, ಮೂರು ತಿಂಗಳು ಬಿಟ್ಟು ಬೈಪಾಸ್. ಇಲ್ಲಾಂದ್ರೆ ಎರಡೂ ಒಂದೇ ಸಲ. ಒಂದೇ ಸಲ ಆದ್ರೆ ರಿಸ್ಕ್ ಸ್ವಲ್ಪ ಜಾಸ್ತಿ, ಬ್ಯಾಂಡ್ ಇದ್ದ ಜಾಗ ಬಾತಿರುತ್ತೆ. ಯೋಚನೆ ಮಾಡಿ ನೀವೇ ಹೇಳಿ.’

ಡಾಕ್ಟರು ಸುಳ್ಳು ಹೇಳಲಿಲ್ಲ. ಅದೇ ನನ್ನ ಸಿಟ್ಟು. ಸುಳ್ಳು ಹೇಳಿದ್ದರೆ ಹೋಗಿ ಕಾಲರು ಹಿಡಿಯುತ್ತಿದ್ದೆ. ಎಲ್ಲವನ್ನೂ ಹೇಳಿದರು, ಕಂಪ್ಯೂಟರು ನೋಡಿಕೊಂಡು ಹೇಳಿದರು, ಗಡಿಯಾರದಲ್ಲಿ ಏಳು ನಿಮಿಷ. ಸ್ವಲ್ಪ ಜಾಸ್ತಿ ಅಂದರು. ನಮ್ಮ ಅಂಗಡೀಲಿ ಸ್ವಲ್ಪ ಅಂದರೆ ಅರ್ಧ ಇಂಚು. ಆಸ್ಪತ್ರೇಲಿ ಸ್ವಲ್ಪ ಅಂದರೆ ಎಷ್ಟು ಅಂತ ನಾನು ಕೇಳಲಿಲ್ಲ. ಇವರೂ ಕೇಳಲಿಲ್ಲ. ಇವರಿಗೆ ಪ್ರಶ್ನೆ ಕೇಳುವ ಗಿರಾಕಿ ಕಂಡರೆ ಆಗುತ್ತಿರಲಿಲ್ಲ. ಬಟ್ಟೆ ಕೊಟ್ಟ ಮೇಲೆ ಟೈಲರನ್ನು ನಂಬಬೇಕು ಅನ್ನೋರು. ಅಲ್ಲೂ ಹಾಗೇ ಕೂತಿದ್ದರು, ಬಟ್ಟೆ ಕೊಟ್ಟವರ ಹಾಗೆ.

ಈಗ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಕೋಟು ಸಡಿಲ ಮಾಡಬೇಕಾದರೆ ಹಳೇ ಹೊಲಿಗೆ ಬಿಚ್ಚುತ್ತೇವೆ. ಬಿಚ್ಚಿದ ಕಡೆ ಸೂಜಿಯ ತೂತು ಸಾಲಾಗಿ ಕಾಣುತ್ತೆ. ಅಲ್ಲಿಗೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಹಿಡಿದು, ನೇತುಹಾಕಿ, ನಾಲ್ಕು ದಿನ ಮುಟ್ಟಬಾರದು. ಉಣ್ಣೆ ತಾನೇ ಮೆಲ್ಲಗೆ ತೂತು ಮುಚ್ಚಿಕೊಳ್ಳುತ್ತೆ. ಅವಸರ ಮಾಡಿ ಅವತ್ತೇ ಹೊಲಿದರೆ ಹಳೇ ತೂತಿನ ಪಕ್ಕ ಹೊಸ ತೂತು ಬಿದ್ದು, ಅಂಚೆ ಚೀಟಿ ಹರಿದ ಹಾಗೆ ಗೆರೆಗೆ ಸರಿಯಾಗಿ ಹರಿಯುತ್ತೆ. ಬಿಚ್ಚಿದ ದಿನವೇ ಹೊಲಿಯಬಾರದು. ಇದು ಅವರ ನಿಯಮ. ಮೂವತ್ತು ವರ್ಷದಲ್ಲಿ ಒಂದು ಸಲವೂ ಮುರಿದಿಲ್ಲ. ಮದುಮಗನೊಬ್ಬ ಅಂಗಡಿ ಮುಂದೆ ನಿಂತು ಅತ್ತರೂ, ‘ನಾಲ್ಕು ದಿನ ಬಿಟ್ಟು ಬಾಪ್ಪ, ಇಲ್ಲಾಂದ್ರೆ ಬೇರೆಯವರ ಕೋಟಲ್ಲಿ ಮದುವೆಯಾಗು’ ಅಂದಿದ್ದರು.

ಆಸ್ಪತ್ರೆಯಿಂದ ಬಂದು ಅಂಗಡಿ ಬಾಗಿಲು ತೆಗೆದೆವು. ಅವರು ಸೀಮೆಸುಣ್ಣ ಹಿಡಿದು ಬಟ್ಟೆ ಹಾಸಿದರು. ನಾನು ಬಟ್ಟೆ ಮೇಲೆ ಕೈ ಇಟ್ಟೆ.

‘ತೆಗೆಸಿ ಬಿಡೋಣ. ಅಷ್ಟು ಸಾಕು.’

‘ತೆಗೆಸಿ?’

‘ತೆಗೆಸಿ ಉಣ್ಣಿ. ನಂಗೆ ದಪ್ಪ ಗಂಡನೇ ಬೇಕು.’

‘ನಿಂಗೆ ಬೇಕು ಕಣೇ, ನನ್ನ ಮಂಡಿಗೆ ಬೇಡವಲ್ಲ.’

‘ಸರಿ, ಬೈಪಾಸ್ ಮಾಡಿಸಿ. ಮೂರು ತಿಂಗಳು ಬಿಟ್ಟು ಮಾಡಿಸಿ.’

ಅವರು ಸೀಮೆಸುಣ್ಣ ಕೆಳಗಿಟ್ಟರು. ‘ಮೂರು ತಿಂಗಳಿಗೆ ಶಾಲೆ ಶುರುವಾಗುತ್ತೆ. ಮುನ್ನೂರು ಮಕ್ಕಳ ಯೂನಿಫಾರಂ ಯಾರು ಕತ್ತರಿಸ್ತಾರೆ, ನೀನಾ? ಎರಡು ಸಲ ಬಾಗಿಲು ಹಾಕಿದ್ರೆ ಬೀದಿಯವರು ಏನು ಅಂತ ಕೇಳ್ತಾರೆ. ಎರಡು ಸಲ ಏನು ಸುಳ್ಳು ಹೇಳಲಿ?’

‘ನಿಜ ಹೇಳಿ.’

‘ಅಕ್ಕನಿಗೆ?’

ನಾನು ಬಟ್ಟೆ ಮೇಲಿಂದ ಕೈ ತೆಗೆದೆ. ಆಮೇಲೆ ಅವರೇ ಮೆಲ್ಲಗೆ ಅಂದರು, ‘ಮೂರು ತಿಂಗಳು ಆ ಉಂಗುರ ಇಲ್ಲದೆ ನನ್ನ ಬಾಯನ್ನ ನಾನು ನಂಬಲ್ಲ ಗುಂಡಿ. ಐವತ್ನಾಲ್ಕು ದಾಟಿಬಿಡ್ತೀನಿ. ಆಮೇಲೆ ಡಾಕ್ಟ್ರೇ ಬೇಡ ಅಂತಾರೆ.’

ಅದು ನಿಜವಾದ ಭಯ. ನನಗೆ ಗೊತ್ತು. ಆದರೂ ಹೇಳಿದೆ.

‘ಬಿಚ್ಚಿದ ದಿನವೇ ಹೊಲಿಯಬಾರದು ಅಂತ ಹೇಳಿದವರು ಯಾರು?’

ಅವರು ನಕ್ಕರು. ‘ನಾನೇನು ಕೋಟೇನೇ?’

ಅಷ್ಟೇ. ಮಾತು ಅಲ್ಲಿಗೆ ಮುಗಿಯಿತು. ನಾನು ಇನ್ನೂ ಜಗಳ ಆಡಬೇಕಿತ್ತು. ತಟ್ಟೆ ಎಸೆಯಬೇಕಿತ್ತು. ಸಣ್ಣ ಸಣ್ಣದಕ್ಕೆ ಎಸೆದಿದ್ದೇನೆ, ಅವತ್ತು ಎಸೆಯಲಿಲ್ಲ. ಅವರು ನಕ್ಕರೆ ನಾನೂ ನಗೋದು ಅಭ್ಯಾಸ. ನಕ್ಕೆ.

ಆಪರೇಷನ್ ದಿನ ಬೆಳಿಗ್ಗೆ ನರ್ಸಮ್ಮ ಕಾಗದ ತಂದರು. ಅದರಲ್ಲಿ ಎರಡು ಚೌಕ. ಬ್ಯಾಂಡ್ ತೆಗೆಯುವುದು ಅಂತ ಒಂದು, ಅದೇ ಸಲ ಬೈಪಾಸ್ ಅಂತ ಇನ್ನೊಂದು. ಎರಡರಲ್ಲೂ ಇವರು ಗೀಟು ಹಾಕಿದ್ದರು. ಕೆಳಗೆ ಹೆಂಡತಿಯ ಸೈನು. ನಾನು ಎರಡನೇ ಚೌಕದ ಮೇಲೆ ಬೆರಳಿಟ್ಟು ಇವರ ಮುಖ ನೋಡಿದೆ. ‘ಹಾಕೇ, ಹೊತ್ತಾಗುತ್ತೆ,’ ಅಂದರು. ಹಾಕಿದೆ. ನನ್ನ ಸೈನು ಚೆನ್ನಾಗಿ ಬಂದಿತ್ತು ಅವತ್ತು.

ಆಪರೇಷನ್ ಆಗಿ ಎರಡು ದಿನ ಚೆನ್ನಾಗಿದ್ದರು. ನರ್ಸಮ್ಮನ ಯೂನಿಫಾರಂ ಭುಜ ಸರಿ ಕೂತಿಲ್ಲ ಅಂತ ತಮಾಷೆ ಮಾಡಿದರು. ಮೂರನೇ ದಿನ ಜ್ವರ. ಓಡಿ ಬಂದವರ ಹಾಗೆ ಎದೆ ಬಡಿದುಕೊಳ್ಳುತ್ತಿತ್ತು. ಜೋಡಿಸಿದ ಕಡೆ ಬಿಟ್ಟುಕೊಂಡಿದೆ, ಒಳಗೆ ಸೋರಿದೆ ಅಂದರು. ಮತ್ತೆ ಒಳಗೆ ಕರೆದುಕೊಂಡು ಹೋದರು. ಒಂಬತ್ತನೇ ದಿನ ಮುಗಿಯಿತು.

ಡಾಕ್ಟರು ಬಂದು ನಿಂತರು. ಅವತ್ತು ನನ್ನ ಮುಖ ನೋಡಿಯೇ ಮಾತಾಡಿದರು. ‘ಆ ಜಾಗ ತುಂಬ ಬಾತಿತ್ತಮ್ಮ, ಹೊಲಿಗೆ ಹಿಡೀಲಿಲ್ಲ,’ ಅಂದರು.

‘ನಂಗೆ ಗೊತ್ತಿತ್ತು,’ ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲೂ ಇಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. ಅವರಕ್ಕ ಎದೆ ಬಡಿದುಕೊಂಡು ಅತ್ತರು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಪಕ್ಕದವರಿಗೆ ಹೇಳಿದರು, ‘ಒಂಚೂರು ಬಾಯಿ ಕಟ್ಟಿದ್ದಿದ್ರೆ ಇವತ್ತು ನನ್ನ ತಮ್ಮ ಇರ್ತಿದ್ದ.’

ಅಂಗಡಿಯಿಂದ ಮನೆಗೆ ತಂದಿಟ್ಟಿದ್ದ ಆ ನೀಲಿ ಬಕೆಟ್ಟನ್ನು ನಾನು ಒಳಗಿನಿಂದ ತಂದು ಅವರ ಮುಂದೆ ಇಟ್ಟೆ.

‘ಬಾಯಿ ಕಟ್ಟಿದ್ರು ಅಕ್ಕ. ಸಾಲದು ಅಂತ ಹೊಟ್ಟೆ ಒಳಗೂ ಕಟ್ಟಿಸಿಕೊಂಡಿದ್ರು. ನೀವು ಡೇರೆ ಅಂದಿದ್ದಕ್ಕೆ. ಎರಡು ವರ್ಷ ಇದರಲ್ಲಿ ವಾಂತಿ ಮಾಡಿದ್ರು. ಇನ್ನೆಲ್ಲಿ ಕಟ್ಟಬೇಕಿತ್ತು, ಹೇಳಿ.’

ಅಕ್ಕ ಬಕೆಟ್ಟನ್ನೇ ನೋಡುತ್ತ ಕೂತರು. ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಬರೋದು ಬೇಡ.

ಮೂರು ವಾರ ಬಿಟ್ಟು ಅಂಗಡಿ ತೆಗೆದೆ. ಮೊದಲು ಬಂದವರು ಒಬ್ಬ ವಕೀಲರು, ತಮ್ಮ ಕರೀ ಕೋಟಿಗೆ. ಹೊಟ್ಟೆ ಬಂದಿತ್ತು, ಕೋಟು ಸಡಿಲ ಮಾಡೋಕೆ ಕೊಟ್ಟಿದ್ದರು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಇವರು ಕೂತು ಬಿಚ್ಚಿದ್ದು ನನಗೆ ನೆನಪಿತ್ತು.

‘ಆಸ್ಪತ್ರೆ ಮೇಲೆ ಕೇಸು ಹಾಕಬಹುದಾ ಸಾರ್?’ ಅಂತ ಕೇಳಿದೆ.

‘ಅವರು ಎರಡು ದಾರಿ ಹೇಳಿದ್ರಾ?’

‘ಹೇಳಿದ್ರು.’

‘ನಿಮ್ಮ ಸೈನ್ ಇದೆಯಾ?’

‘ಇದೆ.’

‘ಹಾಗಾದ್ರೆ ಕಷ್ಟ,’ ಅಂದರು. ಸಂಜೆ ಬರ್ತೀನಮ್ಮ, ಅವಸರ ಇಲ್ಲ ಅಂದು ಹೋದರು.

ಕೋಟು ಮೊಳೆಗೆ ನೇತುಹಾಕಿತ್ತು. ಇಳಿಸಿ ಒಳಮೈ ತಿರುಗಿಸಿದೆ. ಸೀಮೆಸುಣ್ಣದಲ್ಲಿ ಅವರ ಅಕ್ಷರ. ‘ಗುಂಡಿ, ನಾನು ಬರೋದು ತಡವಾದ್ರೂ ನಾಲ್ಕು ದಿನ ಇದನ್ನ ಮುಟ್ಟಬೇಡ.’

ವಕೀಲರ ಕೋಟಿಗೆ ನಾಲ್ಕು ದಿನ ಕೊಟ್ಟರು. ತಮ್ಮ ಹೊಟ್ಟೆಗೆ ನಾಲ್ಕು ಗಂಟೆ ಕೊಡಲಿಲ್ಲ. ಕೋಟು ಹಿಡಿದುಕೊಂಡೇ ಅವರನ್ನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬದುಕಿದ್ದಾಗ ಅಷ್ಟು ಬೈದಿರಲಿಲ್ಲ. ಬೈದಿದ್ದರೆ ನಿಲ್ಲುತ್ತಿದ್ದರೇನೋ, ಗೊತ್ತಿಲ್ಲ.

ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ತೂತು ಒಂದೂ ಕಾಣಲಿಲ್ಲ. ಬಟ್ಟೆ ಪೂರ್ತಿ ಮುಚ್ಚಿಕೊಂಡಿತ್ತು. ಕೋಟು ನನ್ನ ಕೆಲಸ ಅಲ್ಲ, ಆದರೂ ಕೂತು ಹೊಲಿದೆ. ಸೀಮೆಸುಣ್ಣ ಉಜ್ಜಿ ತೆಗೆಯಲಿಲ್ಲ. ಅದರ ಮೇಲೇ ಲೈನಿಂಗ್ ಹಾಕಿದೆ.

ಸಂಜೆ ವಕೀಲರು ಹಾಕಿಕೊಂಡು ನೋಡಿದರು. ಕೈ ಎತ್ತಿದರು, ಗುಂಡಿ ಹಾಕಿದರು.

‘ಸರಿಯಾಗಿದೆ. ಇನ್ನೂ ದಪ್ಪ ಆದ್ರೆ ಏನು ಮಾಡೋದಮ್ಮ? ಮನೇಲಿ ಎಲ್ಲ ಬೈತಾರೆ.’

‘ಬೈಲಿ ಸಾರ್,’ ಅಂದೆ. ‘ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೀನಿ. ದಪ್ಪ ಆದ್ರೆ ಬನ್ನಿ.’