ತವರಿನ ಓಟು

ಚಂದಕವಾಡಿಯಿಂದ ಒಳಕ್ಕೆ ಹೋದರೆ ನಮ್ಮೂರು. ಮತಪತ್ರಕ್ಕೆ ಮುದ್ರೆ ಒತ್ತಿ ಡಬ್ಬಕ್ಕೆ ಹಾಕುತ್ತಿದ್ದ ಕಾಲದಿಂದಲೂ ಚುನಾವಣೆ ಬಂದರೆ ಅಪ್ಪ ಊರ ಶಾಲೆಯ ಮತಗಟ್ಟೆಯಲ್ಲಿ ಒಂದು ಪಕ್ಷದ ಏಜೆಂಟಾಗಿ ಕೂರುತ್ತಿದ್ದರು. ಅಧಿಕಾರಿ ಹೆಸರು ಕೂಗಿದಾಗ, ಬಂದವರು ಊರವರು ಹೌದೋ ಅಲ್ಲವೋ ಎಂದು ಮುಖ ನೋಡಿ ಹೇಳುವುದು ಏಜೆಂಟರ ಕೆಲಸ. ಗೆಲ್ಲುವವರು ಬದಲಾದರು, ಪಕ್ಷಗಳು ಒಡೆದವು, ಡಬ್ಬ ಹೋಗಿ ಯಂತ್ರ ಬಂತು. ಅಪ್ಪನ ಬೆಂಚು ಮಾತ್ರ ಅದೇ. ಸತ್ತವರ ಹೆಸರಲ್ಲಿ, ಊರು ಬಿಟ್ಟವರ ಹೆಸರಲ್ಲಿ ಒಂದು ಓಟೂ ಬೀಳಲು ಅವರು ಬಿಡುತ್ತಿರಲಿಲ್ಲ. ಎದುರು ಪಕ್ಷದವರೂ ಅದಕ್ಕೇ ಅವರಿಗೆ ಮರ್ಯಾದೆ ಕೊಡುತ್ತಿದ್ದರು.

ಆ ಮರ್ಯಾದೆಯ ಬಿಸಿ ತಟ್ಟಿದ್ದು ನನಗೆ. ನನ್ನನ್ನು ಗುಂಡ್ಲುಪೇಟೆಗೆ ಮದುವೆ ಮಾಡಿಕೊಟ್ಟ ಮರುವರ್ಷ ವಿಧಾನಸಭೆ ಚುನಾವಣೆ ಬಂತು. ಹೆಸರಿನ್ನೂ ತವರಿನ ಪಟ್ಟಿಯಲ್ಲೇ ಇತ್ತು. ಹೊಸ ಸೀರೆ ಉಟ್ಟು, ಬಸ್ಸಿಳಿದು, ನೇರ ಶಾಲೆಗೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಹೆಸರು ಕೂಗಿದ್ದೇ ತಡ, ಅಪ್ಪ ಎದ್ದು ನಿಂತರು.

“ಇವ್ಳ ಗುಂಡ್ಲುಪೇಟೆಗೆ ಕೊಟ್ಬುಟ್ಟಿವಿ ಸಾ. ಇವ್ಳು ಈಗ ನಮ್ಮೂರೋಳಲ್ಲ.”

ಹೆಸರಿದೆಯಲ್ಲ, ಹಾಕಲಿ ಬಿಡಿ ಎಂದರು ಅಧಿಕಾರಿ. ನಾನು ಹಾಕಲಿಲ್ಲ. ಸಾಲಿನಲ್ಲಿದ್ದವರು ನಗುತ್ತಿದ್ದಂತೆ ಹೊರಗೆ ಬಂದು, ಮನೆಗೂ ಹೋಗದೆ ಸಿಕ್ಕ ಬಸ್ಸು ಹತ್ತಿದೆ. ಅಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಹೆಸರನ್ನು ಗುಂಡ್ಲುಪೇಟೆ ಕ್ಷೇತ್ರಕ್ಕೆ ಹಾಕಿಸಿಕೊಂಡು, ಪ್ರತಿ ಚುನಾವಣೆಯಲ್ಲೂ ಹಟಕ್ಕೆ ಬಿದ್ದವಳಂತೆ ಎಲ್ಲರಿಗಿಂತ ಮುಂಚೆ ಹೋಗಿ ಅಲ್ಲೇ ಓಟು ಹಾಕಿದೆ.

ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ನನಗೆ ಜಾಗ ಉಳಿಯಲಿಲ್ಲ. ತವರಿಗೆ ಬಂದೆ. ತಮ್ಮನ ಹೆಂಡತಿ ಕೆಟ್ಟವಳಲ್ಲ. ಆದರೆ ಮುದ್ದೆ ತಿರುವಲೂ ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. “ಅಕ್ಕ, ನೀವು ಕೂತ್ಕಳಿ. ನೆಂಟ್ರು ಹಿಟ್ಟು ತೊಳಸ್ತಾರಾ?” ಎನ್ನುವಳು. ಅದರ ಹಿಂದೆಯೇ, “ಯಾವಾಗ ಓಗ್ತೀರಿ?” ತಮ್ಮ ಕೇಳಿಸದವನಂತೆ ಇರುತ್ತಿದ್ದ. ಅಪ್ಪ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನೂ ಕೇಳಲಿಲ್ಲ; ಕೇಳಿದರೆ ಮತ್ತೆ ಅದೇ ಮಾತು ಬಂದೀತೆಂಬ ಭಯ. ಯಾರಿಗೂ ಹೇಳದೆ ಹೆಸರನ್ನು ಮಾತ್ರ ಈ ಊರಿನ ಪಟ್ಟಿಗೆ ವರ್ಗ ಮಾಡಿಸಿಕೊಂಡೆ.

ಕಳೆದ ಚುನಾವಣೆಯ ದಿನ ಸಾಲಿನಲ್ಲಿ ನನ್ನ ಬೆನ್ನಿಗೇ ತಮ್ಮನ ಹೆಂಡತಿ ನಿಂತಿದ್ದಳು. ಒಳಗೆ ಅಪ್ಪ, ಕನ್ನಡಕ ಮೂಗಿಗಿಳಿಸಿಕೊಂಡು, ಅದೇ ಬೆಂಚಿನಲ್ಲಿ. ನನ್ನ ಹೆಸರು ಕೂಗಿದರು. ಅಪ್ಪನ ಪಕ್ಕದಲ್ಲಿದ್ದ ಎದುರು ಪಕ್ಷದ ಏಜೆಂಟ್ ತಲೆಯೆತ್ತಿದ.

“ಈಯಮ್ಮನ್ನ ಗುಂಡ್ಲುಪೇಟೆಗೆ ಕೊಟ್ಟಿತ್ತಲ್ವಾ ಯಜಮಾನ್ರೆ? ನೀವೇನಂತೀರಿ?”

ಹೊಸ ಸೀರೆಯ ಆ ದಿನವೇ ಮತ್ತೆ ಬಂದಂತಾಯಿತು. ಅಪ್ಪ ನನ್ನನ್ನು ನೋಡಲಿಲ್ಲ. ಪಟ್ಟಿಯಲ್ಲಿ ಗೆರೆ ಎಳೆಯುವ ಪೆನ್ಸಿಲನ್ನು ಕೆಳಗಿಟ್ಟು ಎದ್ದು ನಿಂತರು.

“ಕೊಟ್ಟಿದ್ದೊ. ಈಗ ಬಂದವ್ಳೆ. ನನ್ ಮನೇಲವ್ಳೆ, ಇನ್ಮುಂದೂ ಅಲ್ಲೇ ಇರ್ತಾಳೆ. ನಮ್ಮೂರೋಳು ಕಣಪ್ಪ. ಆಕ್ಲಿ ಬುಡು.”

ಬಾಗಿಲಾಚೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಶಾಯಿಗೆ ಬೆರಳು ಚಾಚಿದಾಗ ಕಣ್ಣು ತುಂಬಿ ಎದುರಿಗಿದ್ದವರ ಮುಖ ಕಾಣಲಿಲ್ಲ. ಯಾರಿಗೆ ಓಟು ಹಾಕಿದೆ ಎಂಬುದು ನನ್ನ ಗುಟ್ಟು. ಅಪ್ಪನ ಪಕ್ಷಕ್ಕಂತೂ ಅಲ್ಲ.

ಸಂಜೆ ತಮ್ಮನ ಹೆಂಡತಿ ಒಲೆ ಹಚ್ಚಿ ಎಸರಿಟ್ಟಳು. ನೀರು ಕುದಿ ಬಂದಾಗ ಹಿಟ್ಟು ಸುರಿದು, ಪಕ್ಕಕ್ಕೆ ಸರಿದು ಮುದ್ದೆಯ ಕೋಲನ್ನು ನನ್ನ ಕಡೆಗೆ ಚಾಚಿದಳು.

“ತಕಳಿ ಅಕ್ಕ, ನೀವೇ ತೊಳಸಿ.”